ತೆರಿಗೆ ಬಿಡುವುದೂ ಖರ್ಚು ಮಾಡುವುದೂ ಒಂದೇ ಅಲ್ಲ

ಆರ್ಥಿಕ ಹಿಂಜರಿತದಲ್ಲಿ ಬೇಡಿಕೆ ಹೆಚ್ಚಿಸಲು "ಸರ್ಕಾರ 100 ರೂಪಾಯಿ ಖರ್ಚು ಮಾಡಿದರೂ, 100 ರೂಪಾಯಿ ತೆರಿಗೆ ಬಿಟ್ಟರೂ ಪರಿಣಾಮ ಒಂದೇ" ಎಂದು ಒಂದು ಲೇಖನ ಹೇಳಿದೆ. ಆ ಮಾತು ತಪ್ಪು. ಕೈಗೆ ಬಂದ 100ರಲ್ಲಿ ಜನ 80 ಖರ್ಚು ಮಾಡಿ 20 ಉಳಿಸುತ್ತಾರೆ ಅಂದುಕೊಳ್ಳಿ. ಸರ್ಕಾರ ಸೇತುವೆ ಕಟ್ಟಿಸಿದರೆ ಮೊದಲ ಸುತ್ತಿನಲ್ಲೇ ಪೂರ್ತಿ 100 ಸಿಮೆಂಟು, ಕಬ್ಬಿಣ, ಕೂಲಿಗೆ ಹೋಗುತ್ತದೆ. ಒಬ್ಬರ ಖರ್ಚು ಇನ್ನೊಬ್ಬರ ಆದಾಯವಾಗುವುದರಿಂದ, ಆಮೇಲಿನ ಸುತ್ತುಗಳ ಖರ್ಚು 80, 64, 51 ಎಂದು ಇಳಿಯುತ್ತಾ ಒಟ್ಟು 500ರ ಹತ್ತಿರ ಬರುತ್ತದೆ. ತೆರಿಗೆ ಬಿಟ್ಟರೆ ಲೆಕ್ಕ ಶುರುವಾಗುವುದೇ 80ರಿಂದ, ಹಾಗಾಗಿ 400ಕ್ಕೆ ನಿಲ್ಲುತ್ತದೆ.

ಇದೂ ಪಠ್ಯಪುಸ್ತಕದ ಲೆಕ್ಕವೇ. ಪ್ರತಿ ಸುತ್ತಿನ ಆದಾಯದಲ್ಲಿ ಶೇ. 25 ತೆರಿಗೆಗೆ, ಶೇ. 10 ಆಮದಿಗೆ ಸೋರಿದರೆ ಅದೇ 500 ಕುಗ್ಗಿ 200 ಆಗುತ್ತದೆ. ಕಾರ್ಖಾನೆಗಳು ಆಗಲೇ ಪೂರ್ಣ ಸಾಮರ್ಥ್ಯದಲ್ಲಿ ಓಡುತ್ತಿದ್ದರಂತೂ ಉತ್ಪಾದನೆ ಹೆಚ್ಚುವುದಿಲ್ಲ, ಬೆಲೆ ಏರುತ್ತದೆ. ಅದನ್ನು ತಡೆಯಲು ಕೇಂದ್ರ ಬ್ಯಾಂಕು ಬಡ್ಡಿ ಏರಿಸಿದರೆ ಖಾಸಗಿ ಹೂಡಿಕೆಯೂ ಹಿಂದೆ ಸರಿಯುತ್ತದೆ.

ಆ ಲೇಖನ ಸಮಯದ ಪ್ರಶ್ನೆಯನ್ನೇ ಎತ್ತಿಲ್ಲ, ಅದು ದೊಡ್ಡ ಕೊರತೆ. ಸೇತುವೆಯ ವಿನ್ಯಾಸ, ಭೂಸ್ವಾಧೀನ, ಟೆಂಡರು ಮುಗಿಯುವಷ್ಟರಲ್ಲಿ ಹಿಂಜರಿತವೇ ಮುಗಿದಿರಬಹುದು. ಸಂಬಳದಲ್ಲಿ ಹಿಡಿಯುವ ತೆರಿಗೆ ಇಳಿಸಿದರೆ ಮುಂದಿನ ತಿಂಗಳೇ ಹಣ ಕೈಸೇರುತ್ತದೆ. ಆದರೆ ಅದು ಕಡಿಮೆ ಆದಾಯದವರಿಗೆ ಸಿಗಬೇಕು, ಏಕೆಂದರೆ ಅವರೇ ಹೆಚ್ಚಿನ ಪಾಲನ್ನು ತಕ್ಷಣ ಖರ್ಚು ಮಾಡುವವರು.