ಒಂದೇ ಹೊರೆ, ಬೇರೆ ಬೇರೆ ಸೊಂಟ

ಕೊಡಗಿನಲ್ಲಿ ಕಾಫಿ ಕೊಯ್ಲು ಶುರುವಾಯಿತೆಂದರೆ ತೋಟಗಳಲ್ಲಿ ಪ್ರತಿ ವರ್ಷವೂ ಕಿವಿಗೆ ಬೀಳುವ ಮಾತೊಂದಿದೆ: "ಅವಳೂ ಅಷ್ಟೇ ಹೊರುತ್ತಾಳೆ, ಅವಳಿಗಿಲ್ಲದ ಸೊಂಟನೋವು ಇವಳಿಗೆ ಎಲ್ಲಿಂದ ಬಂತು?" ಈ ಮಾತಿನೊಳಗಿನ ಅನುಮಾನ ಅನ್ಯಾಯದ್ದು. ಒಂದೇ ಹೊರೆ ಇಬ್ಬರ ಬೆನ್ನಿನಲ್ಲಿ ಒಂದೇ ರೀತಿ ಕೂರುವುದಿಲ್ಲ.

ಸೊಂಟದ ಭಾಗದಲ್ಲಿ 5 ಕಶೇರುಗಳು, ಅಂದರೆ ಬೆನ್ನುಮೂಳೆಯ ಮಣಿಗಳು, ಇವೆ. ಪ್ರತಿ ಎರಡರ ನಡುವೆ ಮುಂದುಗಡೆ ಮೆತ್ತೆಯಂಥ ಒಂದು ಡಿಸ್ಕ್, ಹಿಂದುಗಡೆ ಎಡಕ್ಕೂ ಬಲಕ್ಕೂ ಒಂದೊಂದು ಪುಟ್ಟ ಫೇಸೆಟ್ ಕೀಲು. ಮೂರೂ ಸೇರಿ ಭಾರ ಹೊರುತ್ತವೆ. ನೆಟ್ಟಗೆ ನಿಂತಾಗ ಹೆಚ್ಚಿನ ಪಾಲು ಡಿಸ್ಕಿನದು. ಡಿಸ್ಕ್ ಸವೆದು ತೆಳ್ಳಗಾದಂತೆ ಭಾರ ಹಿಂದಿನ ಕೀಲುಗಳ ಮೇಲೆ ಬೀಳುತ್ತದೆ, ಮಂಡಿಯಲ್ಲಿ ಆಗುವಂತೆ ಅಲ್ಲಿಯೂ ಮೂಳೆಯ ತುದಿಗೆ ಹೊದಿಸಿದಂತಿರುವ ನುಣುಪಾದ ಮೃದ್ವಸ್ಥಿ ಸವೆದು ಮೂಳೆ ದಪ್ಪಗಾಗುತ್ತದೆ.

ನನಗೆ ಮುಖ್ಯವೆನಿಸುವುದು ಈ ಕೀಲುಗಳು ನಿಂತಿರುವ ಕೋನ. ಸೊಂಟದ ಮೇಲ್ಭಾಗದಲ್ಲಿ ಅವು ಬಹುಮಟ್ಟಿಗೆ ಹಿಂದಿನಿಂದ ಮುಂದಕ್ಕೆ ಉದ್ದವಾಗಿ ನಿಂತು ಬೆನ್ನು ತಿರುಚಿಕೊಳ್ಳದಂತೆ ತಡೆಯುತ್ತವೆ. ಕೆಳಗಿಳಿದಂತೆ ಅಡ್ಡಕ್ಕೆ ತಿರುಗಿ, ಮೇಲಿನ ಕಶೇರು ಮುಂದಕ್ಕೆ ಜಾರದಂತೆ ಹಿಡಿದಿಡುತ್ತವೆ. ಕೆಲವರಲ್ಲಿ 4 ಮತ್ತು 5ನೇ ಕಶೇರುಗಳ ನಡುವೆಯೂ ಕೀಲುಗಳು ಅಡ್ಡಕ್ಕೆ ತಿರುಗದೆ ಹಿಂದಿನಿಂದ ಮುಂದಕ್ಕೇ ಇರುವುದರಿಂದ ಆ ತಡೆ ದುರ್ಬಲವಾಗಿರುತ್ತದೆ. 50 ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಸವೆತದಿಂದ ಕಶೇರು ಜಾರುವುದು ಹೆಚ್ಚಾಗಿ ಇದೇ ಜಾಗದಲ್ಲಿ. ಆ ಕೋನ ಹುಟ್ಟಿನಿಂದಲೇ ಬಂದದ್ದೋ, ಸವೆತವೇ ಕೀಲಿನ ಆಕಾರವನ್ನು ಬದಲಿಸಿತೋ ಎಂಬ ಚರ್ಚೆ ತಜ್ಞರಲ್ಲಿ ಇನ್ನೂ ಇದೆ; ಎರಡಕ್ಕೂ ಪಾಲಿದೆ ಎಂಬುದೇ ನನ್ನ ಎಣಿಕೆ. ಇನ್ನು ಕೆಲವರಲ್ಲಿ ಎಡಗೀಲಿನ ಕೋನ ಒಂದು, ಬಲಗೀಲಿನದು ಇನ್ನೊಂದು. ಇದಕ್ಕೂ ಡಿಸ್ಕ್ ಹೊರಚಾಚುವುದಕ್ಕೂ ನಂಟಿದೆಯೆಂದು ಹಲವು ಅಧ್ಯಯನಗಳು ಹೇಳಿವೆ, ಕೆಲವು ಒಪ್ಪಿಲ್ಲ. ಫಿನ್ಲೆಂಡಿನ ಅವಳಿ ಗಂಡಸರನ್ನು ಹೋಲಿಸಿ 1995ರಲ್ಲಿ ಪ್ರಕಟವಾದ ಅಧ್ಯಯನವಂತೂ ಡಿಸ್ಕ್ ಸವೆತದಲ್ಲಿ ದುಡಿಮೆಗಿಂತ ವಂಶದ ಪಾಲೇ ದೊಡ್ಡದೆಂದು ತೋರಿಸಿತು.

ಹಾಗೆಂದು ದುಡಿಮೆಗೆ ಪಾಲೇ ಇಲ್ಲವೆಂದು ತೋಟದವರು ಕೈತೊಳೆದುಕೊಳ್ಳುವಂತಿಲ್ಲ. ಇಳಿಜಾರಿನಲ್ಲಿ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಊರಿ, ಎಡಗೈಯಲ್ಲಿ ರೊಬಸ್ಟಾ ಕಾಫಿಯ ರೆಂಬೆ ಬಾಗಿಸಿ, ಸೊಂಟಕ್ಕೆ ಕಟ್ಟಿದ ಚೀಲಕ್ಕೆ ಬಲಗೈಯಿಂದ ಹಣ್ಣು ಉದುರಿಸುವವಳನ್ನು ಸ್ವಲ್ಪ ಹೊತ್ತು ನಿಂತು ನೋಡಿ: ಪಾದ ಅಲುಗದು, ತಿರುಗುವುದೆಲ್ಲ ಸೊಂಟ. ಬಾಗಿಕೊಂಡು ತಿರುಚುವುದೇ ಡಿಸ್ಕಿನ ಹೊರ ಪದರಕ್ಕೆ ಹೆಚ್ಚು ಹಿಂಸೆ. ಸಂಜೆ ಆ ಮೂಟೆಯನ್ನು ಹೊತ್ತು ತೂಕದ ಜಾಗಕ್ಕೆ ಏರು ಹತ್ತಬೇಕು. ಕೀಲಿನ ಕೋನವನ್ನು ಯಾರೂ ಬದಲಿಸಲಾರರು; ತೂಕದ ಜಾಗವನ್ನು ಕೊಯ್ಲು ನಡೆಯುವಲ್ಲಿಗೇ ತರುವುದು, ಮೂಟೆಯನ್ನು ಚಿಕ್ಕದು ಮಾಡುವುದು ಸಾಹುಕಾರರ ಕೈಯಲ್ಲೇ ಇದೆ.

ಎಂಆರ್‌ಐ ವರದಿಯಲ್ಲಿ 'ಸವೆತ' ಎಂಬ ಪದ ಕಂಡೊಡನೆ ಕೆಲಸ ಬಿಟ್ಟು ಮಲಗಬೇಕಾಗಿಯೂ ಇಲ್ಲ, ನೋವೇ ಇಲ್ಲದವರ ಬೆನ್ನಿನಲ್ಲೂ ಅದು ಧಾರಾಳವಾಗಿ ಕಾಣಿಸುತ್ತದೆ. ಆದರೆ ಕಾಲಿನ ಶಕ್ತಿ ಕುಂದುತ್ತಿದ್ದರೆ, ಮೂತ್ರ ಕಟ್ಟಿದರೆ, ತೊಡೆಸಂದಿನ ಸುತ್ತ ಜೋಮು ಹಿಡಿದರೆ ಕೊಯ್ಲು ಮುಗಿಯಲೆಂದು ಕಾಯದೆ ಅದೇ ದಿನ ಮಡಿಕೇರಿಗೋ ಮೈಸೂರಿಗೋ ಕರೆದೊಯ್ಯಬೇಕು.