ಈ ಗೋಡೆ ಒರೆಸೋರು ಯಾರು?

ಇವತ್ತು ತಂಗಿ ಜೊತೆ ಟೈಲ್ಸ್ ಅಂಗಡಿಗೆ ಹೋಗಿ ಬಂದೆ. ತಲೆ ಇನ್ನೂ ಬಿಸಿ ಇದೆ. ಅದಕ್ಕೇ ಇಲ್ಲಿ ಬರೀತಿದ್ದೇನೆ, ಸಹಿಸಿಕೊಳ್ಳಿ.

ಅವಳ ಅಡುಗೆಮನೆ ಒಡೆದು ಹೊಸದಾಗಿ ಕಟ್ಟಿಸುತ್ತಿದ್ದಾಳೆ. ಒಲೆ ಹಿಂದಿನ ಗೋಡೆಗೆ ಏನು ಹಾಕಿಸಬೇಕು ಅನ್ನೋದು ಪ್ರಶ್ನೆ. ಕಟ್ಟೆಯಿಂದ ಮೇಲಿನ ಕಪಾಟಿನ ತನಕ ಇರೋ ಗೋಡೆ, ಅಷ್ಟೇ. ಎರಡು ಗಂಟೆ ಕೂತೆವು. ಬಣ್ಣದ ಬಗ್ಗೆ ಮಾತಾಯಿತು, ಕಪಾಟಿಗೆ ಹೊಂದುತ್ತಾ ಅಂತ ಮಾತಾಯಿತು, ಫೋಟೋದಲ್ಲಿ ಹೇಗೆ ಬರುತ್ತೆ ಅಂತ ಕೂಡ ಮಾತಾಯಿತು. ಇದನ್ನ ದಿನಾ ಒರೆಸೋರು ಯಾರು ಅಂತ ಒಬ್ಬರೂ ಕೇಳಲಿಲ್ಲ. ನಾನೇ ಕೇಳಿದೆ. ಅಂಗಡಿ ಹುಡುಗ "ಒದ್ದೆ ಬಟ್ಟೆಯಲ್ಲಿ ಹೀಗಂದ್ರೆ ಆಯ್ತು ಮೇಡಂ" ಅಂತ ಗಾಳಿಯಲ್ಲಿ ಕೈಯಾಡಿಸಿ ತೋರಿಸಿದ. ಗಾಳಿಗೆ ಜಿಡ್ಡು ಅಂಟಲ್ಲ ನೋಡಿ!

ತಂಗಿಗೆ ಮನಸ್ಸಾಗಿದ್ದು ಮೊಸಾಯಿಕ್ ಮೇಲೆ. ಚಿಕ್ಕ ಚಿಕ್ಕ ಚೂರುಗಳನ್ನ ಬಲೆಗೆ ಅಂಟಿಸಿ ಹಾಳೆ ಥರ ಮಾರುತ್ತಾರಲ್ಲ, ಅದು. ಅಲ್ಲೇ ಒಂದು ಚೀಟಿ ಹಿಂದೆ ಲೆಕ್ಕ ಹಾಕಿ ತೋರಿಸಿದೆ. ಗೋಡೆ 3 ಮೀಟರ್ ಉದ್ದ, 60 ಸೆಂಟಿಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. 60 ಸೆಂ.ಮೀ. ಚೌಕದ ಟೈಲ್ಸ್ ಆದರೆ 5 ಸಾಕು, ನಡುವಿನ ಸಂದುಗಳ ಉದ್ದ ಎಲ್ಲ ಸೇರಿ 2.4 ಮೀಟರ್. 10 ಸೆಂ.ಮೀ. ಚೌಕ ಆದರೆ 180 ಟೈಲ್ಸ್, ಸಂದು 32 ಮೀಟರ್ ದಾಟುತ್ತೆ. ಅವಳು ಹಿಡಿದುಕೊಂಡಿದ್ದ ಎರಡೂವರೆ ಸೆಂ.ಮೀ. ಚೂರಿಗೆ? 140 ಮೀಟರ್. ಅದೇ ಗೋಡೆ, ಅದೇ ಒಲೆ, ಆದರೆ ಉಜ್ಜೋಕೆ 100 ಮೀಟರ್ ಓಟದ ಟ್ರ್ಯಾಕ್‌ಗಿಂತ ಉದ್ದದ ಸಂದು.

ಮುಖ್ಯ ತಲೆನೋವು ಈ ಸಂದೇ. ಹೊಳಪಿನ ಟೈಲ್ಸ್ ಮೇಲೆ ಗಾಜಿನಂಥ ಪದರ ಇರುತ್ತೆ, ಎಣ್ಣೆ ಒಳಗೆ ಇಳಿಯಲ್ಲ, ಒರೆಸಿದರೆ ಬರುತ್ತೆ. ಸಂದಿಗೆ ತುಂಬೋ ಸಿಮೆಂಟ್ ಗ್ರೌಟ್ ಹಾಗಲ್ಲ, ಕಣ್ಣಿಗೆ ಕಾಣದ ತೂತುಗಳಿಂದ ಜಿಡ್ಡು ಹೀರಿಕೊಂಡು ಕೂರುತ್ತೆ. ಮೊದಲು ಬಿಳಿ, ಆಮೇಲೆ ಕೆನೆ ಬಣ್ಣ, ಆಮೇಲೆ ಅದನ್ನ ಯಾವ ಬಣ್ಣ ಅಂತ ಕರೆಯೋದೋ ಗೊತ್ತಾಗಲ್ಲ.

"ಎಪಾಕ್ಸಿ ಗ್ರೌಟ್ ಹಾಕಿಸಿ" ಅಂತ ಈಗ ಯಾರಾದರೂ ಕಮೆಂಟ್ ಹಾಕೇ ಹಾಕುತ್ತೀರಿ. ಒಪ್ಪಿದೆ, ಸಿಮೆಂಟ್ ಬದಲು ರಾಳದಿಂದ ಮಾಡಿದ ಗ್ರೌಟ್ ಅದು, ಕಲೆ ಹೀರಲ್ಲ. ಆದರೆ ಹಾಕುವಾಗ ಅದು ಗಟ್ಟಿಯಾಗೋಕೆ ಮುಂಚೆ ಟೈಲ್ಸ್ ಮೇಲಿಂದ ಒರೆಸಿ ತೆಗೀಬೇಕು, ತಡ ಆದರೆ ಮಬ್ಬು ಪದರ ಹಾಗೇ ಉಳಿಯುತ್ತೆ. ಅಷ್ಟು ತಾಳ್ಮೆ ಇರೋ ಮೇಸ್ತ್ರಿ ನಿಮಗೆ ಸಿಕ್ಕಿದ್ದರೆ ನನಗೂ ಕಳಿಸಿ. ಅದಿರಲಿ, ಎಪಾಕ್ಸಿ ತುಂಬಿದರೂ ಸಂದು ಟೈಲ್ಸ್‌ಗಿಂತ ತಗ್ಗೇ ಅಲ್ವಾ? ಜಿಡ್ಡು ಒಳಗೆ ಇಳಿಯದೆ ಮೇಲೆ ಕೂರುತ್ತೆ. ಉಜ್ಜೋದು ತಪ್ಪಲಿಲ್ಲ.

ಆ ಹುಡುಗ ಸಬ್‌ವೇ ಟೈಲ್ಸ್ ಕೂಡ ತೋರಿಸಿದ, "ಎವರ್‌ಗ್ರೀನ್ ಮೇಡಂ" ಅಂತ. 1904ರಲ್ಲಿ ನ್ಯೂಯಾರ್ಕಿನ ನೆಲದಡಿ ರೈಲು ನಿಲ್ದಾಣಗಳ ಗೋಡೆಯಿಂದ ಹೆಸರು ಮಾಡಿದ ಟೈಲ್ಸ್ ಅದು, 3 ಇಂಚು 6 ಇಂಚಿನದು. ನಿಲ್ದಾಣದ ಗೋಡೆ ತೊಳೆಯೋಕೆ ಸಂಬಳ ಕೊಡುತ್ತಾರೆ ಸ್ವಾಮಿ.

ಹಾಗಂತ ಸಂದೇ ಬೇಡ ಅಂದರೆ ಗಾಜು ಇದೆ. ನನಗೆ ಇಷ್ಟವೇ. ಆದರೆ ಟಫನ್ಡ್ ಗ್ಲಾಸನ್ನ ಕಾಯಿಸಿ ಗಟ್ಟಿ ಮಾಡಿದ ಮೇಲೆ ಕತ್ತರಿಸೋಕಾಗಲ್ಲ, ತೂತು ಕೊರೆಯೋಕೂ ಆಗಲ್ಲ, ಕೊರೆಯೋಕೆ ಹೋದರೆ ಇಡೀ ಹಲಗೆ ಪುಡಿಪುಡಿ. ಪ್ಲಗ್ ಪಾಯಿಂಟ್ ಎಲ್ಲಿ ಅಂತ ಮೊದಲೇ ಅಳತೆ ಕೊಡಬೇಕು. ತಂಗಿ ಮನೇಲಿ ಫ್ರಿಜ್ ಎಲ್ಲಿಡೋದು ಅಂತಲೇ ಇನ್ನೂ ಜಗಳ ಮುಗಿದಿಲ್ಲ. ಸ್ಟೀಲ್ ಹಾಳೆ ಒಲೆ ಹಿಂದೆ ಆರಾಮಾಗಿ ಬಾಳುತ್ತೆ, ಬೆರಳ ಗುರುತು ಕಂಡರೆ ಮೈ ಉರಿಯೋರಿಗೆ ಮಾತ್ರ ಬೇಡ. ಅಕ್ರಿಲಿಕ್ ಅನ್ನೋ ಪ್ಲಾಸ್ಟಿಕ್ ಹಾಳೆ ಬಗ್ಗೆ ಮಾತೇ ಬೇಡ, 100 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗೋ ವಸ್ತುವನ್ನ ಬೆಂಕಿ ಪಕ್ಕ ಇಡೋದಾ?

ಇಷ್ಟೆಲ್ಲ ಬುದ್ಧಿ ಎಲ್ಲಿಂದ ಬಂತು ಅಂತ ಕೇಳಬೇಡಿ. ಸರಿ, ಹೇಳಿಬಿಡ್ತೀನಿ. ನಮ್ಮನೆ ಕೆಲಸ ಎಳೆದಾಡಿದ್ದು ನಿಮಗೆಲ್ಲ ಗೊತ್ತೇ ಇದೆ, ಆಗ ಇಲ್ಲೇ ದಿನಾ ಗೋಳಾಡುತ್ತಿದ್ದೆ. ಒಂದು ವಿಷಯ ಮಾತ್ರ ಬರೆದಿರಲಿಲ್ಲ. ಒಲೆ ಹಿಂದೆ ನಾನು ಹಠ ಮಾಡಿ ಹಾಕಿಸಿದ್ದು ಇದೇ ಮೊಸಾಯಿಕ್. ಅದೂ ಮಾರ್ಬಲ್ಲಿನದು. ಮೇಸ್ತ್ರಿ "ಬೇಡಮ್ಮಾ, ಹುಳಿ ಬಿದ್ದರೆ ತಿಂದುಹಾಕುತ್ತೆ" ಅಂದಿದ್ದರು. "ನೀವು ಹಾಕಿ ಸಾಕು" ಅಂದಿದ್ದೆ. ಮಾರ್ಬಲ್ ಅಂದರೆ ಸುಣ್ಣದ ಅಂಶದ ಕಲ್ಲು, ನಿಂಬೆರಸ ಬಿದ್ದ ಕಡೆ ಹೊಳಪೇ ಹೋಗುತ್ತೆ. ಅದು ಕಲೆಯಲ್ಲ, ಕಲ್ಲೇ ಸವೆದಿರೋದು. ಎಷ್ಟು ಒರೆಸಿದರೂ ಹೋಗಲ್ಲ, ಕಲೆ ಒಳಗೆ ಇಳಿಯದಿರಲಿ ಅಂತ ಕಲ್ಲಿಗೆ ಸೀಲರ್ ಬಳಿದಿದ್ದರೂ ತಡೆಯಲಿಲ್ಲ.

ಭಾನುವಾರ ಬೆಳಗ್ಗೆ ಬಂದರೆ ನೋಡಬಹುದು. ನಮ್ಮನೆಯವರು ಸ್ಟೂಲ್ ಹಾಕಿಕೊಂಡು, ಹಳೇ ಟೂತ್‌ಬ್ರಷ್ ಹಿಡಿದು, ಎಡಗಡೆಯಿಂದ ಶುರು ಮಾಡುತ್ತಾರೆ. ಹೌದು, ಆರಿಸಿದ್ದು ನಾನು, ಉಜ್ಜೋರು ಅವರು. ನನ್ನ ಮಣಿಕಟ್ಟು ನೋವು ಅಂತ ಒಂದು ವಾರ ಅಂದುಕೊಂಡು ಶುರುವಾಗಿದ್ದು, ಮೂರು ವರ್ಷ ಆಯಿತು. ಒಂದು ದಿನ ಕೂಡ "ನಿನಗೆ ಹೇಳಿದ್ದರಲ್ಲ" ಅಂದಿಲ್ಲ ಆ ಮನುಷ್ಯ. ಅಂದುಬಿಟ್ಟಿದ್ದರೆ ವಾಸಿ ಇತ್ತು.

ಇದನ್ನೂ ತಂಗಿಗೆ ಹೇಳಿದೆ, ಅಂಗಡಿಯಲ್ಲೇ. "ದೊಡ್ಡ ಟೈಲ್ಸ್ ತಗೋ, ನಯವಾಗಿರೋದು, ತರಿತರಿ ಮ್ಯಾಟ್ ಬೇಡ" ಅಂದೆ. "ಅಕ್ಕಾ, ಆದರೆ ನಿಮ್ಮನೆಯದು ಎಷ್ಟು ಚೆನ್ನಾಗಿ ಕಾಣುತ್ತೆ!" ಅಂದಳು.

ಈಗ ಇದನ್ನ ಬರೆಯುವಾಗಲೇ ಅವಳ ಮೆಸೇಜ್ ಬಂತು. ಮೊಸಾಯಿಕ್‌ಗೆ ಅಡ್ವಾನ್ಸ್ ಕೊಟ್ಟಾಯಿತಂತೆ. ಮನೇಲಿರೋ ಹಳೇ ಟೂತ್‌ಬ್ರಷ್ ಯಾವುದನ್ನೂ ಎಸೀಬೇಡ ಅಂತ ಉತ್ತರ ಹಾಕಿದ್ದೇನೆ. ಓದಿದ್ದಾಳೆ. ಇನ್ನೂ ಏನೂ ಹೇಳಿಲ್ಲ.