ತಿಗಣೆಯ ಹೆಸರು ಹೊತ್ತ ಹೂ

ಇಷ್ಟು ಚೆಂದದ ಹೂವಿಗೆ ತಿಗಣೆಯ ಹೆಸರಿಡಲು ಮನಸ್ಸಾದರೂ ಹೇಗೆ ಬಂತೋ! ಕೋರಿಯಾಪ್ಸಿಸ್ ಅನ್ನುವುದು ಗ್ರೀಕ್ ಮೂಲದ ಹೆಸರು. ‘ಕೋರಿಸ್’ ಅಂದರೆ ತಿಗಣೆ, ‘ಆಪ್ಸಿಸ್’ ಅಂದರೆ ನೋಟ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ ಗಿಡಗಳ ತನ್ನ ದೊಡ್ಡ ಪುಸ್ತಕದಲ್ಲಿ ಹಾಗಂತ ಬರೆದುಬಿಟ್ಟ. ಇಂಗ್ಲಿಷಿನಲ್ಲಿ ಇದು ‘ಟಿಕ್‌ಸೀಡ್’, ಅಂದರೆ ಉಣ್ಣೆಬೀಜ. ಕುರಿಯ ಉಣ್ಣೆ ಅಲ್ಲ. ಹಸು, ನಾಯಿಗಳ ಮೈಗೆ ಕಚ್ಚಿಕೊಳ್ಳುತ್ತದಲ್ಲ, ಆ ಉಣ್ಣೆ. ತಪ್ಪು ಹೂವಿನದಲ್ಲ, ಬೀಜದ್ದು. ಅದು ಚಪ್ಪಟೆಯಾಗಿ, ಕಪ್ಪಗೆ, ಹುಳದ ಹಾಗೇ ಇರುತ್ತದಂತೆ. ಇರಲಿ, ಮುಖ ನೋಡಿ ಹೆಸರಿಡಬಾರದಿತ್ತಾ?

ಆ ಮುಖವೂ ಒಂದು ಮುಖವಲ್ಲ ಅನ್ನಿ. ಸೇವಂತಿಗೆ, ಸೂರ್ಯಕಾಂತಿಗಳ ಮನೆತನದಲ್ಲಿ ಒಂಟಿ ಹೂ ಅನ್ನುವುದೇ ಇಲ್ಲ, ಎಲ್ಲ ಕೂಡುಕುಟುಂಬ. ನಡುವಿನ, ಅಂಗಿಯ ಗುಂಡಿಯಂಥ ಭಾಗದಲ್ಲಿ ಪುಟಾಣಿ ಹೂಗಳು ಒತ್ತಿಕೊಂಡು ಕೂತಿರುತ್ತವೆ. ಸುತ್ತ ಇರುವ ಎಂಟು ಹಳದಿ ಎಸಳುಗಳೂ ಒಂದೊಂದು ಹೂವೇ. ಅವು ಬೀಜ ಕಟ್ಟುವುದಿಲ್ಲ. ಬಾಗಿಲಲ್ಲಿ ನಿಂತು ದುಂಬಿ, ಚಿಟ್ಟೆಗಳನ್ನು ಕರೆಯುವುದಷ್ಟೇ ಅವುಗಳ ಪಾಲಿನ ಕೆಲಸ. ಸಂಸಾರವೆಲ್ಲ ಒಳಗಿನವರದು.

ಮೊದಲ ಸಲ ನೆಟ್ಟಾಗ ನಾನು ಗಿಡಕ್ಕೆ ಉಪಚಾರ ಜಾಸ್ತಿ ಮಾಡಿದೆ. ಬುಡಕ್ಕೆ ಕಪ್ಪಗಿನ ಗೊಬ್ಬರ, ದಿನಾ ನೀರು. ಗಿಡ ಸೊಪ್ಪಿನ ಮಡಿಯಂತೆ ಸೊಂಪಾಗಿ ಬೆಳೆದು, ಒಂದು ದಿನ ಸುಮ್ನೆ ಮಗ್ಗುಲಿಗೆ ಮಲಗಿಬಿಟ್ಟಿತು. ಹೂ ಎಣಿಸಲು ಒಂದು ಕೈಯ ಬೆರಳು ಸಾಕಿತ್ತು. ಉತ್ತರ ಅಮೆರಿಕದ ಬಯಲಲ್ಲಿ, ಮರಳು ನೆಲದಲ್ಲಿ ತಾನೇ ಬೆಳೆದುಕೊಂಡಿದ್ದ ಗಿಡ ಇದು. ಇದಕ್ಕೆ ದಿನಪೂರ್ತಿ ಬಿಸಿಲು ಬೇಕು, ನೀರು ನಿಲ್ಲದ ನೆಲ ಬೇಕು. ಮಣ್ಣು ಬಡವಾಗಿದ್ದರೆ ಇನ್ನೂ ಒಳ್ಳೆಯದು. ಮರುವರ್ಷ ಗೊಬ್ಬರದ ಚೀಲ ದೂರ ಇಟ್ಟೆ, ಗಿಡ ನೆಟ್ಟಗೆ ನಿಂತಿತು.

ಇನ್ನು ಕತ್ತರಿ ಕೆಲಸ. ಇದನ್ನು ಆರೈಕೆ ಅಂತಾರೆ, ನನಗೇನೋ ಮೋಸ ಅನ್ನಿಸುತ್ತದೆ. ಗಿಡ ಹೂ ಬಿಡುವುದೇ ಬೀಜಕ್ಕಾಗಿ. ಬೀಜ ಬಲಿಯಿತು ಅಂದರೆ ಹೂ ಬಿಡುವುದು ಕಡಿಮೆಯಾಗುತ್ತದೆ. ಅದಕ್ಕೇ ನಾವು ಬಾಡಿದ ಹೂವನ್ನು ಬೀಜವಾಗುವ ಮೊದಲೇ ತೆಗೆಯುತ್ತೇವೆ. ಅಯ್ಯೋ, ಕೆಲಸ ಆಗಲಿಲ್ಲವಲ್ಲ ಅಂತ ಗಿಡ ಮತ್ತೆ ಮೊಗ್ಗು ಬಿಡುತ್ತದೆ. ನಾವು ಮತ್ತೆ ಕತ್ತರಿ ಹಿಡಿದು ಹಾಜರ್. ಎಸಳು ಉದುರಿದ ಹೂವಿನ ತಲೆಯೂ ಮೊಗ್ಗೂ ನೋಡಲು ಹೆಚ್ಚುಕಮ್ಮಿ ಒಂದೇ ಥರ. ನಾನು ಎಷ್ಟು ಮೊಗ್ಗು ಕತ್ತರಿಸಿದ್ದೇನೋ ಲೆಕ್ಕವಿಲ್ಲ. ‘ಮೂನ್‌ಬೀಮ್’ ಎಂಬ ತಳಿಯದು ಬೇರೆ ಕಥೆ. ನೂಲಿನಂಥ ಎಲೆ, ತಿಳಿ ಹಳದಿ ಹೂ, ಮೊಳೆಯುವಂಥ ಬೀಜವನ್ನೇ ಕಟ್ಟುವುದಿಲ್ಲ. ಅದರ ಪಾಡಿಗೆ ಅದು ತಿಂಗಳುಗಟ್ಟಲೆ ಅರಳುತ್ತಿರುತ್ತದೆ. ಅಮೆರಿಕದ ಪೆರೆನಿಯಲ್ ಪ್ಲಾಂಟ್ ಅಸೋಸಿಯೇಷನ್ 1992ರಲ್ಲಿ ಅದನ್ನು ವರ್ಷದ ಗಿಡ ಅಂತ ಆರಿಸಿತು.

ಬಹುವಾರ್ಷಿಕ ಅಂತ ಹೆಸರೇನೋ ಇದೆ. ಆದರೆ ಹೂ ಬಿಟ್ಟೂ ಬಿಟ್ಟೂ ಇದು ಬೇಗ ಸುಸ್ತಾಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಬುಡ ಅಗೆದು, ಹಿಂಡನ್ನು ಬಿಡಿಸಿ ಬೇರೆ ನೆಟ್ಟರೆ ಮತ್ತೆ ಹುರುಪು. ಹಾಗಂತ ಬಡಪಾಯಿ ಗಿಡ ಅಂದುಕೊಳ್ಳಬೇಡಿ. ಇದರ ಲ್ಯಾನ್ಸಿಯೊಲೇಟಾ ಎಂಬ ಜಾತಿಯನ್ನು ಜಪಾನಿನವರು ಚೆಂದಕ್ಕೆ ಅಂತ ರಸ್ತೆ ಬದಿಯಲ್ಲೆಲ್ಲ ಬೆಳೆಸಿದರು. ಅದು ಅಲ್ಲಿನ ಕಾಡುಗಿಡಗಳ ಜಾಗವನ್ನೇ ನುಂಗತೊಡಗಿತು. 2006ರಿಂದ ಅಲ್ಲಿ ಅದನ್ನು ಬೆಳೆಸುವುದೇ ಕಾನೂನಿಗೆ ವಿರುದ್ಧ.

ಹೋದ ಸಲ ಕತ್ತರಿಗೆ ರಜೆ ಕೊಟ್ಟು, ನಾಲ್ಕು ಹೂ ಬೀಜಕ್ಕೆ ಬಿಟ್ಟೆ. ಒಣಗಿದ ಮೇಲೆ ಎರಡನ್ನು ಉಜ್ಜಿ, ಬೆರಳಿನಿಂದ ಗುಳಿ ಮಾಡಿ, ಬೀಜ ಹಾಕಿ, ಮೇಲೆ ಮಣ್ಣು ಮುಚ್ಚಿದೆ. ಒಂದೂ ಹುಟ್ಟಲಿಲ್ಲ. ಇದರ ಬೀಜ ಮೊಳೆಯಲು ಬೆಳಕು ಬೇಕು, ಮಣ್ಣಿನ ಮೇಲೆ ಉದುರಿಸಿ ಬಿಡಬೇಕು ಅಂತ ಆಮೇಲೆ ತಿಳಿಯಿತು. ಉಳಿದೆರಡನ್ನು ಅಂಗೈ ಮೇಲೆ ಉಜ್ಜಿ ಬಗ್ಗಿ ನೋಡಿದೆ. ಕಪ್ಪಗೆ, ಚಪ್ಪಟೆಯಾಗಿ... ಥೂ, ತಿಗಣೆಯೇ! ಯೋಚಿಸುವ ಮೊದಲೇ ಕೈ ಕೊಡವಿಬಿಟ್ಟಿದ್ದೆ.

ಈಗ ಮೆಟ್ಟಿಲಿನ ಬಿರುಕಿನಲ್ಲಿ ಮೂರು ಸಸಿಗಳಿವೆ.